‘ನಾನು’ ಅಂದರೆ ತೇಜಸ್ವಿ ಅಲ್ಲ, ಮಾರಾಯರೇ

ಮೇಜಿನ ಮೇಲೆ ಪುಸ್ತಕ ವರದಿಗಳ ಕಟ್ಟು ಬಿದ್ದಿದೆ. ಪದವಿ ತರಗತಿಯ ಮಕ್ಕಳು ಬರೆದದ್ದು. ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಮೊದಲ ಪುಟದಲ್ಲಿ ಲೇಖಕರ ಊರು, ತಂದೆ ಕುವೆಂಪು, ಬಂದ ಪ್ರಶಸ್ತಿಗಳು. ಆಮೇಲೆ ಮೂರು ಪುಟ ಕಥೆ. ಕಡೆಗೆ, ‘ಪ್ರತಿಯೊಬ್ಬರೂ ಓದಲೇಬೇಕಾದ ಕೃತಿ’. ಬರೆದವರು ಓದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ವರದಿ ಶುರುವಾಗುವುದೇ ‘ತೇಜಸ್ವಿಯವರಿಗೆ ಮಂದಣ್ಣನ ಪರಿಚಯವಾಗುತ್ತದೆ’ ಎಂದು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಪೀಠಿಕೆ ಎಷ್ಟಿರಬೇಕು, ಉಪಸಂಹಾರ ಎಲ್ಲಿ ಬರಬೇಕು ಎಂದು ಹೇಳಲು ನಾನು ಹೋಗುವುದಿಲ್ಲ. ಸಾರಾಂಶ ಎಂಟು ಸಾಲು ಮೀರಬಾರದು; ನಿಮ್ಮ ಮೇಷ್ಟ್ರಿಗೆ ಕಥೆ ಗೊತ್ತಿದೆ. ಹುಡುಕಬೇಕಾದ್ದು ಒಂದೇ: ಈ ಕಥೆಯನ್ನು ಹೇಳುತ್ತಿರುವವರು ಯಾರು, ಅವರೇ ಯಾಕೆ ಹೇಳಬೇಕಾಯಿತು?

‘ಕರ್ವಾಲೊ’ದ ‘ನಾನು’ ಮೂಡಿಗೆರೆ ಸೀಮೆಯ ಬೇಸಾಯಗಾರ. ಅವನಿಗೊಂದು ನಾಯಿ, ಹೆಸರು ಕಿವಿ. ತೇಜಸ್ವಿಯೂ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದವರು, ಅವರ ನಾಯಿಯೂ ಕಿವಿಯೇ. ಮಕ್ಕಳು ಎಡವುವುದು ಇಲ್ಲಿ. ಒಪ್ಪುತ್ತೇನೆ, ಎಡವಲೆಂದೇ ತೇಜಸ್ವಿ ಇಟ್ಟ ಕಲ್ಲು ಅದು. ಆದರೆ ಲೇಖಕರಿಗೆ ಗೊತ್ತಿದ್ದದ್ದು ಈ ‘ನಾನು’ಗೆ ಗೊತ್ತಿಲ್ಲ. ಅವನ ಕಣ್ಣಿಗೆ ಮಂದಣ್ಣ ನೆಟ್ಟಗೊಂದು ಕೆಲಸವಿಲ್ಲದ ಹಳ್ಳಿಗ. ಕರ್ವಾಲೊರಂಥ ವಿಜ್ಞಾನಿ ಇವನ ಬೆನ್ನು ಹತ್ತಿರುವುದೇಕೆ ಎಂದು ಅವನಿಗೆ ತಲೆಬುಡ ತಿಳಿಯುವುದಿಲ್ಲ. ಅವನ ಜೊತೆ ನಮಗೂ ತಿಳಿಯುವುದಿಲ್ಲ. ಇದನ್ನೇ ಕರ್ವಾಲೊ ಹೇಳಿದ್ದರೆ? ಅವರಿಗೆ ಮಂದಣ್ಣನ ಬೆಲೆ ಮೊದಲೇ ಗೊತ್ತು. ಗುಟ್ಟು ಎರಡನೇ ಪುಟಕ್ಕೇ ರಟ್ಟಾಗುತ್ತಿತ್ತು. ಮಂದಣ್ಣನೇ ಹೇಳಿದ್ದರೆ ಕರ್ವಾಲೊ ಹುಡುಕುವ ಆ ಹಾರುವ ಓತಿ ಅವನು ಕಾಡಿನಲ್ಲಿ ಕಂಡ ನೂರು ಜೀವಿಗಳಲ್ಲಿ ಒಂದಾಗಿಬಿಡುತ್ತಿತ್ತು. ಓದಿದ ಜಂಬವೂ ಅರ್ಧಂಬರ್ಧ ತಿಳಿವಳಿಕೆಯೂ ಇರುವವನೊಬ್ಬ ಬೇಕಿತ್ತು, ಹೆಚ್ಚುಕಡಿಮೆ ನನ್ನ ಹಾಗೆ. ಮಂದಣ್ಣನ ಬಗೆಗಿನ ಅವನ ಅಭಿಪ್ರಾಯ ಯಾವ ಪುಟದಲ್ಲಿ ಅಲ್ಲಾಡುತ್ತದೆ ಎಂದು ಪುಟಸಂಖ್ಯೆ ಸಮೇತ ತೋರಿಸಿ. ವರದಿ ಅರ್ಧ ಮುಗಿದ ಹಾಗೆ.

ನನಗೇನು ಇದು ಹುಟ್ಟುತ್ತಲೇ ಬಂದ ಬುದ್ಧಿಯಲ್ಲ. ಪದವಿಯಲ್ಲಿ ನಮಗೆ ಅನಂತಮೂರ್ತಿಯವರ ‘ಸಂಸ್ಕಾರ’ ಇತ್ತು. ಮೂವರು ಸೇರಿ ಒಂದು ಗೈಡು ಕೊಂಡು, ಅದರಿಂದಲೇ ವರದಿ ಇಳಿಸಿದೆವು. ಆ ಗೈಡಿನಲ್ಲಿ, ನಾರಣಪ್ಪನ ಜೊತೆ ಬಾಳಿದ ‘ಚಂದ್ರಿ’ಯ ಗುಡಿಸು ಹಾರಿಹೋಗಿ ‘ಚಂದ್ರ’ ಎಂದು ಅಚ್ಚಾಗಿತ್ತು. ಮೇಷ್ಟ್ರು ನನ್ನದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು: ನಾರಣಪ್ಪನ ಶವಸಂಸ್ಕಾರದ ಖರ್ಚಿಗೆಂದು ಚಂದ್ರ ತನ್ನ ಒಡವೆಗಳನ್ನು ಬಿಚ್ಚಿಟ್ಟನು. ಹುಡುಗಿಯರ ಬೆಂಚಿನಿಂದ ಎದ್ದ ನಗು ಇನ್ನೂ ಕಿವಿಯಲ್ಲಿದೆ. ಮೇಷ್ಟ್ರು ಬೈಯಲಿಲ್ಲ. ‘ಚಂದ್ರಿ ಏನು ಯೋಚಿಸುತ್ತಾಳೆ ಅಂತ ಪುಸ್ತಕದಲ್ಲಿ ಎಷ್ಟು ಪುಟ ಇದೆ, ಪ್ರಾಣೇಶಾಚಾರ್ಯರು ಯೋಚಿಸುವುದು ಎಷ್ಟು ಪುಟ, ಎಣಿಸಿಕೊಂಡು ಬಾ’ ಅಂದರು. ಎಣಿಸುವುದಕ್ಕಾದರೂ ಓದಬೇಕಲ್ಲ. ಆ ರಾತ್ರಿ ಓದಿದೆ. ಕಥೆಯ ಅಗ್ರಹಾರವನ್ನು ನಾನು ಬಹುಪಾಲು ಪ್ರಾಣೇಶಾಚಾರ್ಯರ ತಲೆಯೊಳಗೆ ಕೂತೇ ನೋಡುತ್ತಿದ್ದೇನೆ ಅನ್ನಿಸಿದಾಗ ಮೈ ಜುಮ್ಮೆಂದಿತು. ಅಲ್ಲಿಂದ ಇಲ್ಲಿಯವರೆಗೆ ಅದೊಂದೇ ಹುಚ್ಚು.

ಈ ಹುಚ್ಚಿಗೆ ಹೇಳಿಮಾಡಿಸಿದ ಪುಸ್ತಕ ವಿವೇಕ ಶಾನಭಾಗರ ‘ಘಾಚರ್ ಘೋಚರ್’, 2013ರದ್ದು. ಅಲ್ಲಿಯೂ ಹೆಸರಿಲ್ಲದ ಒಬ್ಬ ‘ನಾನು’, ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಮನೆ ನಡೆಯುತ್ತದೆ. ಇವನಿಗೆ ಸಂಬಳವುಂಟು, ಕೆಲಸವಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರು ಬೈದು ಅಟ್ಟುತ್ತಾರೆ. ಇವನು? ನೋಡುತ್ತಾ ನಿಂತಿರುತ್ತಾನೆ. ಎಷ್ಟು ಮರ್ಯಾದಸ್ಥನ ದನಿಯಲ್ಲಿ ಹೇಳುತ್ತಾನೆಂದರೆ, ಅವನೂ ಪಾಲುದಾರ ಎನ್ನುವುದು ಹೊಳೆಯುವ ಹೊತ್ತಿಗೆ ನಾವೂ ಪಾಲುದಾರರಾಗಿರುತ್ತೇವೆ. ಹೋದ ವರ್ಷ ಒಬ್ಬ ಹುಡುಗ ಇದರ ‘ನೀತಿ’ ಬರೆದಿದ್ದ: ದುಡ್ಡಿನಿಂದ ನೆಮ್ಮದಿ ಸಿಗುವುದಿಲ್ಲ. ಅಷ್ಟಕ್ಕೆ ಶಾನಭಾಗರು ಬೇಕಿತ್ತೇ? ಲಾರಿಯ ಹಿಂದೆ ಬರೆದಿರುತ್ತದೆ.

ಭೈರಪ್ಪನವರ ‘ಪರ್ವ’ದಲ್ಲಿ ಕಥೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟುತ್ತಾ ಹೋಗುತ್ತದೆ. ಎಲ್ಲವನ್ನೂ ಹಿಡಿಯಲು ಹೋಗಬೇಡಿ, ಒಬ್ಬರನ್ನು ಆರಿಸಿಕೊಳ್ಳಿ. ‘ಚೋಮನ ದುಡಿ’ಗೆ 1975ರ ಸಿನಿಮಾ ನೋಡಿ ವರದಿ ಬರೆಯುವವರಿದ್ದಾರೆ, ಒಳ್ಳೆಯ ಸಿನಿಮಾ, ಆದರೆ ಮೂಲ ಕಾದಂಬರಿ ಬರೆದ ಶಿವರಾಮ ಕಾರಂತರ ವಾಕ್ಯ ಅದರಲ್ಲಿ ಕಾಣುವುದಿಲ್ಲ. ಯೂಟ್ಯೂಬಿನ ಹತ್ತು ನಿಮಿಷದ ಸಾರಾಂಶದ ಮಾತು ನನ್ನೆದುರು ಎತ್ತಬೇಡಿ.

ಲೇಖಕ ಪರಿಚಯಕ್ಕೆ ಎರಡು ಸಾಲು. ಪ್ರಕಾಶಕರು, ಬೆಲೆ, ಪುಟ ಒಂದು ಸಾಲು. ಭಾಷೆಯ ಬಗ್ಗೆ ಬರೆಯುವಾಗ ‘ಸರಳ ಸುಂದರ’ ಅನ್ನದೆ ಒಂದು ವಾಕ್ಯ ಎತ್ತಿ ತೋರಿಸಿ. ಪುಸ್ತಕ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದೇ ಬರೆಯಿರಿ. ಎಲ್ಲಿ ಬೇಸರವಾಯಿತು ಎಂದು ಪುಟ ತೋರಿಸಿದವರಿಗೆ ನಾನು ಅಂಕ ಕಡಿಮೆ ಮಾಡಿದ್ದಿಲ್ಲ.

ಈ ಕಟ್ಟನ್ನು ನಾಳೆ ಅಂಕ ಹಾಕದೆ ಹಿಂದಿರುಗಿಸುತ್ತಿದ್ದೇನೆ. ‘ಕರ್ವಾಲೊ’ ಸಣ್ಣ ಪುಸ್ತಕ, ಒಂದು ಭಾನುವಾರ ಸಾಕು. ಸೋಮವಾರ ಬರುವಾಗ ಒಂದೇ ಪುಟ ಬರೆದು ತನ್ನಿ, ಆ ‘ನಾನು’ ಎನ್ನುವವನ ಬಗ್ಗೆ.