ಉಪಭೋಗದ ವಸ್ತ್ರ, ಭೋಗದ ಕಾಲ: ಬಹೂಪಯೋಗಿ ಉಡುಪಿನ ಒಂದು ವಿಮರ್ಶೆ

ಆಚಾರ್ಯ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಭೋಗ ಮತ್ತು ಉಪಭೋಗಗಳ ಭೇದವನ್ನು ನಿರೂಪಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ; ಅದಕ್ಕೆ ಅವರು ಕೊಡುವ ನಿದರ್ಶನ ಆಹಾರ. ಮತ್ತೆ ಮತ್ತೆ ಬಳಸತಕ್ಕದ್ದು ಉಪಭೋಗ. ಅದಕ್ಕೆ ನಿದರ್ಶನ ವಸ್ತ್ರ. ಶತಮಾನಗಳ ಹಿಂದಿನ ಈ ವರ್ಗೀಕರಣವು ಇಂದಿನ ಉಡುಪಿನ ಉದ್ಯಮವನ್ನು ಅಳೆಯಲು ಹರಿತವಾದ ಮಾನದಂಡವಾಗಿದೆ. ನಾಲ್ಕಾರು ಸಲ ತೊಟ್ಟು ಎಸೆಯಲೆಂದೇ ಅಗ್ಗವಾಗಿ ಹೊಲಿದ ಬಟ್ಟೆಯು ಉಪಭೋಗದ ವಸ್ತುವನ್ನು ಭೋಗದ ವಸ್ತುವನ್ನಾಗಿ ಮಾರ್ಪಡಿಸಿದೆ. ಆ ಅಗ್ಗದ ಬೆಲೆಯನ್ನು ಯಾರೋ ತೆರುತ್ತಿರುತ್ತಾರೆ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಬಹುಮಂದಿ ಸಿದ್ಧ ಉಡುಪು ಹೊಲಿಯುತ್ತಿದ್ದ ಕಾರ್ಮಿಕರು. ಬಟ್ಟೆಯ ಪ್ರಶ್ನೆ ಅಹಿಂಸೆಯ ಪ್ರಶ್ನೆಯೂ ಹೌದು.

ಈ ದುಂದಿಗೆ ಪ್ರತ್ಯುತ್ತರವಾಗಿ ವಿನ್ಯಾಸ ಶಾಲೆಗಳ ವಿದ್ಯಾರ್ಥಿಗಳು ಒಂದೇ ಉಡುಪಿನಿಂದ ಹಲವು ಕೆಲಸ ಸಾಧಿಸುವ, ಬಹುಕಾಲ ಬಾಳುವ ಬಟ್ಟೆಗಳನ್ನು ರೂಪಿಸುತ್ತಿದ್ದಾರೆ. ನಮ್ಮ ಸಮಾಜದ ಮಕ್ಕಳೂ ಇಂದು ಇಂಥ ಶಾಲೆಗಳನ್ನು ಸೇರುತ್ತಿರುವುದರಿಂದ, ಈ ಪ್ರಯತ್ನಗಳನ್ನು ಮೆಚ್ಚುವುದಷ್ಟೇ ಸಾಲದು, ಒರೆಗೆ ಹಚ್ಚಿಯೂ ನೋಡಬೇಕು. ಮೂರು ಪ್ರಸಿದ್ಧ ಕೃತಿಗಳನ್ನು ಇಲ್ಲಿ ಪರಾಮರ್ಶಿಸಬಹುದು.

ಮೊದಲನೆಯದು ಇಂತಹ ವಿದ್ಯಾರ್ಥಿಗಳಿಗೆ ಆದರ್ಶವಾಗಿ ತೋರಿಸಲ್ಪಡುವ ಪ್ರಬುದ್ಧ ಕಲಾವಿದನ ಕೃತಿ. ಸೈಪ್ರಸ್ ಮೂಲದ ಹುಸೇನ್ ಚಲಾಯನ್ 2000ದ ಫೆಬ್ರವರಿಯಲ್ಲಿ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ 'ಆಫ್ಟರ್‌ವರ್ಡ್ಸ್' ಎಂಬ ಸಂಗ್ರಹವನ್ನು ಪ್ರದರ್ಶಿಸಿದರು. ರಂಗದ ಮೇಲಿದ್ದ ಕುರ್ಚಿಗಳ ಹೊದಿಕೆಗಳು ಉಡುಪುಗಳಾದವು, ಕುರ್ಚಿಗಳು ಪೆಟ್ಟಿಗೆಗಳಾದವು. ಕೊನೆಗೆ ದುಂಡು ಮೇಜೊಂದರ ನಡುವೆ ಹೆಜ್ಜೆಯಿಟ್ಟ ಯುವತಿ ಅದನ್ನೇ ಮೇಲೆತ್ತಿ ಲಂಗವಾಗಿ ಧರಿಸಿದಳು. ಕಲಹದ ಕಾಲದಲ್ಲಿ ಮನೆ ತೊರೆದು ಓಡಬೇಕಾದವರು ಕೈಗೆ ಸಿಕ್ಕಿದ್ದನ್ನು ಹೊತ್ತೊಯ್ಯುವ ದುಃಖವೇ ಇದರ ವಸ್ತು. ರೂಪಕವಾಗಿ ಇದು ಉನ್ನತ ಕೃತಿ, ಸಂದೇಹವಿಲ್ಲ. ಆದರೆ ಆ ಮರದ ಲಂಗವನ್ನುಟ್ಟು ಯಾವ ನಿರಾಶ್ರಿತಳೂ ಗಡಿ ದಾಟಲಾರಳು. ಬಹೂಪಯೋಗ ಇಲ್ಲಿ ಪ್ರೇಕ್ಷಕನ ವಿಸ್ಮಯಕ್ಕೆ ಮೀಸಲು. ಈ ಕೃತಿಯ ಬಾಹ್ಯ ಚಮತ್ಕಾರವನ್ನಷ್ಟೇ ಅನುಕರಿಸುವ ವಿದ್ಯಾರ್ಥಿ ಅದರ ದುಃಖವನ್ನು ಕೈಬಿಟ್ಟಿರುತ್ತಾನೆ.

ಎರಡನೆಯದು 'ಪೆಟಿಟ್ ಪ್ಲಿ'. ವಿಮಾನ ತಂತ್ರಶಾಸ್ತ್ರ ಕಲಿತು, ಬಳಿಕ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ವ್ಯಾಸಂಗ ಮಾಡಿದ ರಯಾನ್ ಮಾರಿಯೊ ಯಾಸಿನ್ ತಮ್ಮ ಎಳೆಯ ಸಂಬಂಧಿಗೆ ಕಳುಹಿಸಿದ ಬಟ್ಟೆ ತಲುಪುವಷ್ಟರಲ್ಲಿ ಚಿಕ್ಕದಾಗಿದ್ದುದನ್ನು ಕಂಡು, ಮಗು ಬೆಳೆದಂತೆ ತಾನೂ ಹಿಗ್ಗುವ ನೆರಿಗೆಯ ಉಡುಪನ್ನು ರೂಪಿಸಿದರು. 2017ರಲ್ಲಿ ಅದಕ್ಕೆ ಬ್ರಿಟನ್ನಿನ ಜೇಮ್ಸ್ ಡೈಸನ್ ಪ್ರಶಸ್ತಿ ಸಂದಿತು. ಇಲ್ಲಿ ಮಾತಿಗೂ ಕೃತಿಗೂ ಅಂತರ ಕಡಿಮೆ: ಒಂದು ಉಡುಪು ಹಲವು ಅಳತೆಗಳ ಉಡುಪುಗಳನ್ನು ನಿಜಕ್ಕೂ ಅನಗತ್ಯಗೊಳಿಸುತ್ತದೆ. ಆದರೂ ಇದು ಹೊಸ ಸತ್ಯವಲ್ಲ. ಹೆಣ್ಣುಮಗುವಿನ ಲಂಗದ ಅಂಚಿನಲ್ಲಿ ಮಡಿಕೆಗಳನ್ನು ಹೊಲಿದಿಟ್ಟು, ಮಗು ಎತ್ತರವಾದಂತೆ ಒಂದೊಂದನ್ನೇ ಬಿಚ್ಚುವ ಪದ್ಧತಿ ನಮ್ಮ ಮನೆಗಳಲ್ಲಿತ್ತು. ಅಣ್ಣನ ಅಂಗಿ ತಮ್ಮನಿಗೆ ಬರುತ್ತಿತ್ತು. ಅದಕ್ಕೆ ವಿಶೇಷ ನೂಲಾಗಲಿ ಪ್ರಶಸ್ತಿಯಾಗಲಿ ಬೇಕಿರಲಿಲ್ಲ. ಮತ್ತೊಂದು ಮಾತು: ಈ ಬಗೆಯ ಶಾಶ್ವತ ನೆರಿಗೆ ನಿಲ್ಲುವುದು ಕೃತಕ ನೂಲಿನಲ್ಲಿ, ಅಂಥ ಬಟ್ಟೆ ಪ್ರತಿ ಒಗೆತದಲ್ಲೂ ಸೂಕ್ಷ್ಮ ಎಳೆಗಳನ್ನು ನೀರಿಗೆ ಬಿಡುತ್ತದೆ. ಜಲಕಾಯಿಕ ಜೀವಗಳ ವಿಷಯದಲ್ಲಿ ಎಚ್ಚರ ವಹಿಸುವವರು ಇದನ್ನು ಉಪೇಕ್ಷಿಸಲಾಗದು.

ಮೂರನೆಯದು ಇವೆರಡಕ್ಕಿಂತ ಗಂಭೀರವಾದ ಪ್ರಶ್ನೆಯನ್ನು ಎತ್ತುತ್ತದೆ. ಅಮೆರಿಕದ ಡೆಟ್ರಾಯಿಟ್ ನಗರದ ಕಾಲೇಜ್ ಫಾರ್ ಕ್ರಿಯೇಟಿವ್ ಸ್ಟಡೀಸ್‌ನಲ್ಲಿ ವಿನ್ಯಾಸದ ವಿದ್ಯಾರ್ಥಿನಿಯಾಗಿದ್ದ ವೆರೋನಿಕಾ ಸ್ಕಾಟ್ 2010ರಲ್ಲಿ ತರಗತಿಯ ಪಾಠದ ಅಂಗವಾಗಿ, ಮನೆಯಿಲ್ಲದವರಿಗೆಂದು ರಾತ್ರಿ ಮಲಗುಚೀಲವಾಗುವ ಕೋಟೊಂದನ್ನು ಸಿದ್ಧಪಡಿಸಿದರು. ಬೇಸಗೆಯಲ್ಲಿ ಅದನ್ನು ಮಡಚಿ ಚೀಲದಂತೆ ಹೆಗಲಿಗೇರಿಸಬಹುದು. ಮುಂದೆ ಜನರಲ್ ಮೋಟಾರ್ಸ್ ಸಂಸ್ಥೆ ಕಾರುಗಳ ಶಬ್ದನಿರೋಧಕ ಪದರದ ಉಳಿಕೆಯನ್ನು ಈ ಕಾರ್ಯಕ್ಕೆ ದಾನವಾಗಿ ಕೊಟ್ಟಿತು. ಹಕ್ಕಿಯ ಗರಿಯೂ ಪ್ರಾಣಿಯ ತುಪ್ಪಳವೂ ಇಲ್ಲದೆ ಚಳಿ ತಡೆಯುವ ಉಡುಪು ನಮಗೆ ಸಹಜವಾಗಿಯೇ ಪ್ರಿಯವಾಗುತ್ತದೆ.

ಆದರೆ ಈ ಕೃತಿಯ ಅತ್ಯುತ್ತಮ ವಿಮರ್ಶೆಯನ್ನು ಮಾಡಿದವಳು ಆಶ್ರಯಧಾಮದ ಒಬ್ಬ ಹೆಂಗಸು. ನಮಗೆ ಬೇಕಾದದ್ದು ಕೋಟಲ್ಲ, ಉದ್ಯೋಗ ಎಂದು ಆಕೆ ಸಿಟ್ಟಿನಿಂದ ನುಡಿದಳು. ಸ್ಕಾಟ್ ಅವರ ಹಿರಿಮೆ ಇರುವುದು ಕೋಟಿನ ಹೊಲಿಗೆಗಿಂತ ಹೆಚ್ಚಾಗಿ ಆ ಮಾತಿಗೆ ಕಿವಿಗೊಟ್ಟಿದ್ದರಲ್ಲಿ. ಆಶ್ರಯಧಾಮಗಳಲ್ಲಿದ್ದವರನ್ನೇ ವೇತನ ಕೊಟ್ಟು ಕೋಟು ಹೊಲಿಯಲು ನೇಮಿಸುವ 'ಎಂಪವರ್‌ಮೆಂಟ್ ಪ್ಲಾನ್' ಸಂಸ್ಥೆ ಅದರಿಂದ ಹುಟ್ಟಿತು.

ಇಲ್ಲಿ ನಾವು ಒಂದು ಭೇದವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ನಮ್ಮ ಪರಂಪರೆಯಲ್ಲಿ ಆರ್ಯಿಕೆಗೆ ಒಂದು ಬಿಳಿಯ ಸೀರೆ, ಐಲಕನಿಗೆ ಕೌಪೀನವೊಂದೇ, ಮುನಿಗೆ ದಿಕ್ಕುಗಳೇ ವಸ್ತ್ರ. ಬೀದಿಯಲ್ಲಿ ಮಲಗುವವನಿಗೂ ಇರುವುದು ಒಂದೇ ಕೋಟು. ಸಂಖ್ಯೆ ಎರಡೂ ಕಡೆ ಅಲ್ಪವೇ. ಆದರೆ ಒಂದು ಅರಿತು ಬಿಟ್ಟದ್ದು, ಇನ್ನೊಂದು ಕಸಿದುಕೊಂಡದ್ದು. ಪರಿಗ್ರಹದ ಮೂಲ ಮಮತೆಯಲ್ಲಿದೆ ಎಂದು ನಮ್ಮ ಆಚಾರ್ಯರು ಬೋಧಿಸಿರುವುದರಿಂದ, ವಸ್ತು ಕಡಿಮೆಯಿದ್ದ ಮಾತ್ರಕ್ಕೆ ಅಪರಿಗ್ರಹವಾಗದು. ದಾರಿದ್ರ್ಯವನ್ನು ಸರಳತೆಯೆಂದು ಹೊಗಳುವುದು ಹಿಂಸೆಯ ಒಂದು ಸೂಕ್ಷ್ಮ ರೂಪ. ಮಲಗುಚೀಲವಾಗುವ ಕೋಟು ಎಷ್ಟೇ ಜಾಣ್ಮೆಯದಾಗಿದ್ದರೂ ಅದು ಮನೆಯಲ್ಲ. ಆ ಕೋಟು ಯಾರಿಗೂ ಬೇಡವಾಗುವ ದಿನವೇ ಅದರ ಸಾರ್ಥಕತೆಯ ದಿನ.

ಹಾಗಾದರೆ ಉಳ್ಳವರ ಬಹೂಪಯೋಗಿ ಉಡುಪಿನ ಕಥೆಯೇನು? ಎರಡೂ ಬದಿ ತೊಡಬಹುದಾದ ಅಂಗಿ, ತೋಳು ಕಳಚುವ ಕೋಟು, ಚೀಲವಾಗುವ ಶಾಲು ಇವೆಲ್ಲ ತುಂಬಿದ ಕಪಾಟಿಗೆ ಇನ್ನೊಂದು ಸೇರ್ಪಡೆಯಾದರೆ ಅಲ್ಲಿ ಹೆಚ್ಚಿದ್ದು ಪರಿಗ್ರಹವೇ. ಅದರ ಮೇಲೆ ಪರಿಸರಪ್ರೇಮದ ಹೆಮ್ಮೆಯೂ ಸೇರಿ ಮಾನಕಷಾಯ ಬೆಳೆಯುತ್ತದೆ. ನಮ್ಮ ಸೀರೆ-ಪಂಚೆಗಳು ಹೊಲಿಗೆಯಿಲ್ಲದೆ ಎಲ್ಲ ಅಳತೆಯ ದೇಹಕ್ಕೂ ಒಗ್ಗಿ, ಹಳತಾದಾಗ ಕೌದಿಯಾಗಿ, ಮಗುವಿನ ಜೋಲಿಯಾಗಿ, ಒರೆಸುವ ಬಟ್ಟೆಯಾಗಿ ಸವೆಯುತ್ತಿದ್ದವು. ಆದರೆ ಇದನ್ನು ಹೇಳಿ ಬೀಗುವ ಅಧಿಕಾರ ನಮಗಿಲ್ಲ. ಮದುವೆಗೊಂದು ರೇಷ್ಮೆ ಸೀರೆ ಕೊಂಡು ಮರುವರ್ಷ ಅದನ್ನು ಹಳತೆನ್ನುವ ಮನೆಗಳು ನಮ್ಮಲ್ಲೂ ಇವೆ. ಗೂಡಿನೊಳಗಿನ ಹುಳುವನ್ನು ಕೊಂದೇ ಸಾಮಾನ್ಯ ರೇಷ್ಮೆಯ ನೂಲು ತೆಗೆಯುತ್ತಾರೆಂಬುದು ಅಲ್ಲಿ ಯಾರಿಗೂ ಅರಿಯದ ಸಂಗತಿಯೇನಲ್ಲ.

ಉಡುಪು ರೂಪಿಸುವ ವಿದ್ಯಾರ್ಥಿಗೆ ವಿಮರ್ಶಕನು ಕೇಳಬೇಕಾದ ಪ್ರಶ್ನೆ, ಈ ಬಟ್ಟೆ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಲ್ಲ. ಇದರಿಂದಾಗಿ ತೊಡುವವರ ಮನೆಗೆ ಎಷ್ಟು ಬಟ್ಟೆ ಬರದೇ ಉಳಿಯುತ್ತದೆ ಎಂಬುದು. ಉಪಭೋಗ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕ ಶ್ರಾವಿಕೆಯರು ಅದೇ ಪ್ರಶ್ನೆಯನ್ನು ಅಂಗಡಿಯ ಬಾಗಿಲಲ್ಲಿ ತಮಗೆ ಹಾಕಿಕೊಳ್ಳಬೇಕು. ಆ ಪರಿಮಾಣವನ್ನು ಯಾವ ವಿನ್ಯಾಸಕಾರನೂ ಅವರ ಪರವಾಗಿ ಹೊಲಿದು ಕೊಡಲಾರ.