ಸೋಯಾ ಹೊಲದಲ್ಲಿ ಮೊಟ್ಟೆಯಿಟ್ಟ ದುಂಬಿ

ಕೀಟ ಹತೋಟಿಗೆ ಬೆಳೆ ಪರಿವರ್ತನೆಯಷ್ಟು ಒಳ್ಳೆಯ ಹೆಸರು ಗಳಿಸಿದ ಕ್ರಮ ಇನ್ನೊಂದಿಲ್ಲ. ವಿಷ ಬೇಡ, ಹೆಚ್ಚಿನ ಖರ್ಚಿಲ್ಲ, ಮಣ್ಣಿಗೂ ಹಿತ. ಅಮೆರಿಕದ ಇಲಿನಾಯ್, ಇಂಡಿಯಾನಾ ರಾಜ್ಯಗಳ ರೈತರು ಇದನ್ನು ದಶಕಗಳ ಕಾಲ ತಪ್ಪದೆ ಪಾಲಿಸಿದರು: ಒಂದು ವರ್ಷ ಮೆಕ್ಕೆಜೋಳ, ಮರುವರ್ಷ ಸೋಯಾ. ತಪ್ಪದೆ ಪಾಲಿಸಿದ ಆ ಹೊಲಗಳಲ್ಲೇ ಅದು ಕೈಕೊಟ್ಟಿತು.

ಅವರನ್ನು ಕಾಡುತ್ತಿದ್ದುದು ಮೆಕ್ಕೆಜೋಳದ ಬೇರುಹುಳು. ಹಳದಿ ಮೈಮೇಲೆ ಕಪ್ಪು ಪಟ್ಟೆಯ ಪುಟ್ಟ ದುಂಬಿಯೊಂದರ ಮರಿ. ಹೆಣ್ಣು ದುಂಬಿ ಬೇಸಿಗೆ ಮುಗಿಯುವ ಹೊತ್ತಿಗೆ ಜೋಳದ ಹೊಲದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಚಳಿಗಾಲ ಕಳೆದು ಹೊರಬಂದ ಮರಿಗೆ ಜೋಳದ ಬೇರೇ ಆಗಬೇಕು. ಕೆಲವು ಜಾತಿಯ ಹುಲ್ಲು ಬಿಟ್ಟರೆ ಬೇರೇನೂ ಒಗ್ಗದು. ಬೇರು ಕಳೆದುಕೊಂಡ ಗಿಡ ಗಾಳಿಗೆ ವಾಲಿ, ಮತ್ತೆ ಮೇಲೇಳಲು ಹೋಗಿ ಬುಡದಲ್ಲೇ ಡೊಂಕಾಗುತ್ತದೆ. ಅದೇ ಹೊಲದಲ್ಲಿ ಸೋಯಾ ಬಿತ್ತಿದರೆ ಮರಿ ಹಸಿದು ಸಾಯುತ್ತದೆ. ಆದರೆ 1987ರಲ್ಲಿ ಇಲಿನಾಯ್‌ನ ಪೈಪರ್ ಸಿಟಿ ಬಳಿ, ಹಿಂದಿನ ವರ್ಷ ಸೋಯಾ ಬೆಳೆದಿದ್ದ ನೆಲದ ಜೋಳದಲ್ಲೂ ಬೇರುಹುಳುವಿನ ಹಾನಿ ಕಂಡಿತು. ಹೆಣ್ಣು ದುಂಬಿಗಳು ಜೋಳದ ಹೊಲ ಬಿಟ್ಟು ಪಕ್ಕದ ಸೋಯಾ ಹೊಲಕ್ಕೆ ಹಾರಿ ಅಲ್ಲಿ ಮೊಟ್ಟೆಯಿಡತೊಡಗಿದ್ದವು. ಮರುವರ್ಷ ಅಲ್ಲಿಗೆ ಜೋಳ ಬರುತ್ತಿತ್ತು, ಮರಿಗಳಿಗೆ ಊಟ ಸಿದ್ಧವಾಗಿರುತ್ತಿತ್ತು.

ಸೋಯಾ ಎಲೆ ದುಂಬಿಗೆ ಹೊಂದುವ ಆಹಾರವಲ್ಲ. ಪ್ರೋಟೀನು ಜೀರ್ಣಿಸುವ ಕಿಣ್ವಗಳನ್ನು ಕಟ್ಟಿಹಾಕುವ ವಸ್ತುಗಳು ಅದರಲ್ಲಿವೆ. ಅದನ್ನೇ ತಿಂದುಕೊಂಡಿದ್ದರೆ ದುಂಬಿ ಬಹಳ ದಿನ ಬದುಕದು. ಹಾಗಾದರೆ ಆ ಹೊಲದಲ್ಲಿ ತಂಗಿದ್ದು ಹೇಗೆ? ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರವನ್ನು ದುಂಬಿಯ ಕರುಳಿನಲ್ಲಿ ಹುಡುಕಿತು. ಬೆಳೆ ಪರಿವರ್ತನೆಯನ್ನು ಮೀರಿದ ದುಂಬಿಗಳ ಕರುಳಿನ ಬ್ಯಾಕ್ಟೀರಿಯಾ ಸಮುದಾಯ ಉಳಿದವುಗಳಿಗಿಂತ ಬೇರೆಯಾಗಿತ್ತು. ಆ್ಯಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾಗಳನ್ನು ತಗ್ಗಿಸಿದಾಗ, ಸೋಯಾ ಎಲೆಯನ್ನು ತಾಳಿಕೊಳ್ಳುವ ಹೆಚ್ಚಿನ ಶಕ್ತಿಯೂ ಇಳಿದುಹೋಯಿತು.

ಕೀಟವೆಂದರೆ ಅದರ ವಂಶವಾಹಿ ಮಾತ್ರ ಎಂದು ನೋಡುವ ರೂಢಿಯನ್ನು ಈ ಪ್ರಯೋಗ ಅಲುಗಾಡಿಸಿತು. ಅದರ ದೊಡ್ಡ ಸಾಧನೆ ಅದೇ ಎಂದು ನನಗನ್ನಿಸುತ್ತದೆ. ಆದರೆ ದುಂಬಿ ಜೋಳದ ಹೊಲವನ್ನು ಬಿಟ್ಟು ಹೊರಟದ್ದೇಕೆ ಎಂಬುದಕ್ಕೆ ಕರುಳೊಂದೇ ಉತ್ತರ ಕೊಡಲಾರದು. ಈ ದುಂಬಿಗಳು ಸೋಯಾವನ್ನು ಮೆಚ್ಚಿ ಹೋದವಲ್ಲ; ಜೋಳಕ್ಕೆ ಅಂಟಿಕೊಳ್ಳುವ ಸ್ವಭಾವ ಸಡಿಲವಾಗಿ, ಸುತ್ತಲಿನ ಬೇರೆ ಹೊಲಗಳಲ್ಲೂ ಮೊಟ್ಟೆಯಿಟ್ಟವು. ‘ಒಗ್ಗದ ಗಿಡ’ ಎಂಬ ನಮ್ಮ ಅಳತೆಯ ಕೊರತೆ ಇಲ್ಲಿ ಎದ್ದು ಕಾಣುತ್ತದೆ. ಮರಿ ಆ ಗಿಡದ ಮೇಲೆ ಬೆಳೆದೀತೇ ಎಂದಷ್ಟೇ ನಾವು ಕೇಳುತ್ತೇವೆ. ತಾಯಿಗೆ ಬೇಕಾದದ್ದು ಮೊಟ್ಟೆಯಿಟ್ಟು ಹೊರಡುವವರೆಗಿನ ತಾಳಿಕೆ, ಅಷ್ಟೇ.

ಇದೇ ಕುಲದ ಉತ್ತರದ ಬೇರುಹುಳು ಬೇರೊಂದು ದಾರಿ ಹಿಡಿಯಿತು. ಅದರ ಕೆಲವು ಮೊಟ್ಟೆಗಳು ಒಂದರ ಬದಲು ಎರಡು ಚಳಿಗಾಲ ಮಣ್ಣಿನಲ್ಲೇ ಮಲಗಿ, ಜೋಳ ಮರಳುವ ವರ್ಷ ಒಡೆಯುತ್ತವೆ. ಎರಡು ಕೀಟಗಳು, ಎರಡು ಉಪಾಯ. ಎರಡನ್ನೂ ಗೆಲ್ಲಿಸಿದ್ದು ಇಡೀ ಸೀಮೆಯಲ್ಲಿ ಎರಡೇ ಬೆಳೆ ಒಂದರ ಹಿಂದೊಂದು ಬರುತ್ತಿದ್ದ ಖಚಿತ ಲೆಕ್ಕ. ಈ ಪದ್ಧತಿಯನ್ನು ಬೆಳೆ ಪರಿವರ್ತನೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಪಟ್ಟೆ ದುಂಬಿ 1992ರಲ್ಲಿ ಬೆಲ್‌ಗ್ರೇಡ್ ಬಳಿ ಪತ್ತೆಯಾಗಿ ಯುರೋಪಿನಲ್ಲೂ ಹರಡಿತು. ಜೋಳದ ನಂತರ ಹಲವು ಬೇರೆ ಬೆಳೆಗಳು ಬರುವ ಅಲ್ಲಿ ಬೆಳೆ ಪರಿವರ್ತನೆ ಇಂದಿಗೂ ಮುಖ್ಯ ಆಸರೆಯಾಗಿ ಉಳಿದಿದೆ.

ನಮ್ಮಲ್ಲಿ, ಶಿವಮೊಗ್ಗದಲ್ಲಿ 2018ರಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಮೆಕ್ಕೆಜೋಳದ ಫಾಲ್ ಸೈನಿಕ ಹುಳುವಿಗೂ ಬೆಳೆ ಪರಿವರ್ತನೆಯ ಸಲಹೆ ಕೇಳಿಬರುತ್ತದೆ. ಅದರ ಪತಂಗ ಬಲು ದೂರ ಹಾರುತ್ತದೆ, ಹುಳು ನೂರಾರು ಬಗೆಯ ಗಿಡಗಳಲ್ಲಿ ಬದುಕುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುವುದಿಲ್ಲ. ಅಲುಗಾಡಲಾರದ ಮರಿಯನ್ನು ಹಸಿವಿಗೆ ದೂಡುವ ತಂತ್ರ ಒಬ್ಬ ರೈತನ ಒಂದು ತುಂಡು ಹೊಲದಲ್ಲಿ ಅದಕ್ಕೆ ನಾಟುವುದು ಕಷ್ಟ. ದಾವಣಗೆರೆ, ಹಾವೇರಿಗಳಲ್ಲಿ ಈ ಸಲಹೆ ಕೊಡುವವರು ಮೆಕ್ಕೆಜೋಳದ ನಂತರ ಯಾವ ಬೆಳೆ, ಎಷ್ಟು ಹೊಲಗಳಲ್ಲಿ ಒಟ್ಟಿಗೆ, ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನೂ ಹೇಳಬೇಕು.