ಕೇಳಿದ್ದೊಂದು, ವಿಠಲ್ ರಾವ್ ಹೇಳಿದ್ದೊಂದು

ಬಳ್ಳಾರಿಯ ಗಾಂಧಿನಗರದಲ್ಲಿ ‘ಯಾ ಕಡೆ ಹೊಂಟ್ರಿ?’ ಎಂದರೆ ‘ಇಲ್ಲೇ’ ಎಂಬಷ್ಟು ಉತ್ತರ ಸಾಕು. ಹೇಳಲು ಮನಸ್ಸಿಲ್ಲ ಎಂಬುದು ಕೇಳಿದವರಿಗೆ ತಿಳಿದುಹೋಗುತ್ತದೆ. ಬೇಕಾದಷ್ಟನ್ನೇ, ನಿಜವನ್ನೇ, ಸಂದರ್ಭಕ್ಕೆ ತಕ್ಕಂತೆ, ಸ್ಪಷ್ಟವಾಗಿ ಆಡುತ್ತಾರೆಂದು ನಂಬಿಯೇ ನಾವು ಮಾತಿಗಿಳಿಯುತ್ತೇವೆ; ಯಾರಾದರೂ ಈ ನಿಯಮಗಳನ್ನು ಬೇಕೆಂದೇ ಮೀರಿದರೆ ಒಳಾರ್ಥ ಹುಡುಕುತ್ತೇವೆ. ತತ್ತ್ವಜ್ಞಾನಿ ಪಾಲ್ ಗ್ರೈಸ್ 1975ರ ಪ್ರಬಂಧದಲ್ಲಿ ವಿವರಿಸಿದ್ದು ಇದನ್ನೇ.

ಈಟಿವಿ ಕನ್ನಡದಲ್ಲಿ ಬಂದ, ವಿಜಯಪ್ರಸಾದ್ ನಿರ್ದೇಶನದ ಹಾಸ್ಯ ಧಾರಾವಾಹಿ ‘ಸಿಲ್ಲಿ ಲಲ್ಲಿ’ಯಲ್ಲಿ ಆ ಒಳಾರ್ಥಕ್ಕೂ ಜಾಗವಿಲ್ಲ. ರವಿಶಂಕರ್ ಅಭಿನಯದ ಡಾಕ್ಟರ್ ವಿಠಲ್ ರಾವ್, ಯಾರೂ ಕೇಳದಿದ್ದರೂ ತನ್ನ ಹೆಸರು ಹೇಳಿ, ಸರ್ಜರಿಯಲ್ಲಿ ತನ್ನ ಕೈಯ ಖ್ಯಾತಿಯನ್ನು ಕೊಂಡಾಡಿಕೊಳ್ಳುತ್ತಾನೆ. ಎದುರಿಗಿದ್ದವರ ತೊಂದರೆ ಏನೇ ಇರಲಿ, ಮೊದಲು ಆ ಪರಿಚಯ ಮುಗಿಯಬೇಕು. ನಿಯಮ ಮುರಿಯುತ್ತಿದ್ದೇನೆಂಬ ಅರಿವೇ ಅವನಿಗಿಲ್ಲ. ಅದು ಗೊತ್ತಾಗುವುದು ನೋಡುವ ನಮಗೆ. ಆ ಮುಗ್ಧ ಆತ್ಮವಿಶ್ವಾಸ ನನಗೆ ಬಲು ಇಷ್ಟ. ಒಂದೇ ಮಾತು ನೂರು ಸಲ ಬಂದರೂ ಹಳಸದಂತೆ ಆಡುವುದು ಸಣ್ಣ ಕಸುಬಲ್ಲ.

ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಹಾಸ್ಯ ಸಾಹಿತಿ ಬೀಚಿಯವರ ಪಾತ್ರ ತಿಂಮನೂ ಇದೇ ಕುಲದವನು, ಆದರೆ ಮಹಾ ಚತುರ. ಪ್ರಶ್ನೆಯ ಅಕ್ಷರ ಹಿಡಿದು, ಆಶಯ ಬಿಟ್ಟು ಉತ್ತರ ಕೊಡುತ್ತಾನೆ. ಪೆಚ್ಚಾಗುವವರು ಕೇಳಿದವರು.